ನಲ್ಲಿ ನೀರಿನಲ್ಲಿ ಪ್ಲಾಸ್ಟಿಕ್ ರಾಸಾಯನಿಕ ಇದೆಯಾ? ಬಾಗಲೂರಿನ ನಮ್ಮ ಮನೆಯಲ್ಲಿ ಪರೀಕ್ಷೆ ಮಾಡಿಸಿದ ಅನುಭವ

ಈ ವಾರ ಬೆಳೆ, ಗೊಬ್ಬರ, ಮಾರ್ಕೆಟ್ ರೇಟು ಎಲ್ಲ ಪಕ್ಕಕ್ಕಿಟ್ಟು ಕುಡಿಯೋ ನೀರಿನ ಬಗ್ಗೆ ಬರೀತಿದ್ದೀನಿ. ಹೊಲಕ್ಕೆ ಹಾಯಿಸೋ ನೀರನ್ನ ಒಂದಲ್ಲ ಒಂದು ಸಲ ಪರೀಕ್ಷೆ ಮಾಡಿಸಿರ್ತೀವಿ. ನಾವು ಕುಡಿಯೋ ನೀರನ್ನ ಮಾಡಿಸಿದವರು ಎಷ್ಟು ಜನ? ನಾನೂ ಮಾಡಿಸಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸೊಪ್ಪಿನ ಕಟ್ಟು ಕಟ್ಟುತ್ತ ಜಗಲಿ ಮೇಲೆ ಕೂತಿದ್ದೆ. ನಮ್ಮ ಸೊಸೆ ಒಂದು ಲೋಟ ನೀರು ತಂದು ಮುಂದೆ ಹಿಡಿದಳು. "ಮಾವ, ಇದನ್ನ ಸ್ವಲ್ಪ ಮೂಸಿ ನೋಡಿ" ಅಂದಳು. ಮೂಸಿದೆ. ಹೊಸ ಚಪ್ಪಲಿ ಅಂಗಡಿ ಒಳಗೆ ಹೋದರೆ ಬರುತ್ತಲ್ಲ, ಅಂಥ ವಾಸನೆ. "ಬಿಸಿಲಿಗೆ ಟ್ಯಾಂಕ್ ಕಾದಿರ್ತೈತೆ ಬಿಡಮ್ಮ" ಅಂದೆ. ಅವಳಿಗೆ ಆಗ ಐದು ತಿಂಗಳು. "ನಾನೊಬ್ಬಳೇ ಕುಡಿಯೋದಾಗಿದ್ರೆ ಬಿಡ್ತಿದ್ದೆ ಮಾವ" ಅಂದು ಲೋಟ ಅಲ್ಲೇ ಇಟ್ಟು ಒಳಗೆ ಹೋದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮದು ಯಲಹಂಕ ತಾಲ್ಲೂಕು, ಜಾಲ ಹೋಬಳಿ. ಬಾಗಲೂರಿನ ಪಕ್ಕ ಎರಡು ಎಕರೆ ಉಳಿಸಿಕೊಂಡಿದ್ದೀವಿ. ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ ಬೆಳೀತೀವಿ, ಮೂರು ಹಸು ಇವೆ. ತಲೆ ಮೇಲೆ ವಿಮಾನ, ಬೇಲಿ ಆಚೆ ಅಪಾರ್ಟ್‌ಮೆಂಟು. ಮನೆ ನಲ್ಲಿಗೆ ಬರೋದು ನಮ್ಮದೇ ಬೋರ್‌ವೆಲ್ ನೀರು, ಸಾವಿರದ ನೂರು ಅಡಿಯದು. ಏಪ್ರಿಲ್‌ನಲ್ಲಿ ಅದು ಕೈಕೊಟ್ಟಾಗ ಟ್ಯಾಂಕರ್ ಹಾಕಿಸ್ಕೋತೀವಿ. ನೀರು ಮಹಡಿ ಮೇಲಿನ ಕರಿ ಟ್ಯಾಂಕಿಗೆ ಹೋಗಿ ಅಲ್ಲಿಂದ ಅಡುಗೆಮನೆಗೆ ಇಳಿಯುತ್ತೆ.

ಆ ವಾಸನೆ ಬಂದ ದಿನ ನನ್ನ ಅನುಮಾನವೆಲ್ಲ ಕೆರೆ ಮೇಲೆ ಹೋಯ್ತು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಗೊತ್ತಲ್ಲ? ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನಂತೆ ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆ ತುಂಬಿಸೋ ಯೋಜನೆ. ನಮ್ಮ ಬಾಗಲೂರು ಕೆರೆಗೂ ಆ ನೀರು ಬರುತ್ತೆ. ಕೆರೆ ತುಂಬಿದ್ದರಿಂದ ಸುತ್ತಮುತ್ತ ಬೋರ್‌ವೆಲ್‌ಗಳಿಗೆ ಜೀವ ಬಂದಿದ್ದೂ ನಿಜ, ಒಳಗೊಂದು ಅಳುಕು ಇರೋದೂ ನಿಜ. ಅದು ಸಾಲದು ಅಂತ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆ ಹಳೇ ಕಲ್ಲುಕ್ವಾರಿಗಳಿಗೆ ಊರ ಕಸವೆಲ್ಲ ತುಂಬಿದ್ದಾರೆ. ಮಳೆ ಬಿದ್ದಾಗ ಕಸದಿಂದ ಇಳಿಯೋ ಕರಿ ರಸದಲ್ಲಿ ಪ್ಲಾಸ್ಟಿಕ್ಕಿನಿಂದ ಬಿಟ್ಟ ರಾಸಾಯನಿಕಗಳೂ ಇರ್ತವೆ ಅನ್ನೋದು ಜಗತ್ತಿನ ಬೇರೆ ಬೇರೆ ಕಸದ ಗುಂಡಿಗಳಲ್ಲಿ ಕಂಡುಬಂದಿರೋ ಸಂಗತಿ. ಹೀಗಿರುವಾಗ ಯಾರಿಗೆ ತಾನೇ ಅನುಮಾನ ಬರಲ್ಲ?

ಮೊದಲ ರಿಪೋರ್ಟ್

ಮಾರನೇ ದಿನವೇ ಒಂದು ಲೀಟರಿನ ಹಳೇ ನೀರಿನ ಬಾಟಲಿ ತೊಳೆದು, ಅಡುಗೆಮನೆ ನಲ್ಲಿಯಿಂದ ತುಂಬಿಸಿಕೊಂಡು ಪೇಟೆಯ ಒಂದು ಲ್ಯಾಬಿಗೆ ಕೊಟ್ಟು ಬಂದೆ. "ಕುಡಿಯೋ ನೀರಿನ ಟೆಸ್ಟ್" ಅಂದೆ. ದುಡ್ಡು ಕಟ್ಟಿಸಿಕೊಂಡರು. ಬಾಟಲಿ ಯಾವುದು, ಯಾಕೆ ಟೆಸ್ಟು ಅಂತ ಒಬ್ಬರೂ ಕೇಳಲಿಲ್ಲ. ವಾರದ ಮೇಲೆ ಎರಡು ಹಾಳೆ ರಿಪೋರ್ಟ್ ಬಂತು. ಪಿಎಚ್, ಟಿಡಿಎಸ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ಕಬ್ಬಿಣ ಹೀಗೆ ಸಾಲು ಸಾಲು. ಪ್ಲಾಸ್ಟಿಕ್ ಅನ್ನೋ ಪದವೇ ಇಲ್ಲ. "ನೋಡಮ್ಮ, ಏನೂ ಇಲ್ಲ" ಅಂತ ಸೊಸೆಗೆ ತೋರಿಸಿದೆ. ಅವಳು ಓದಿದವಳು. "ಇಲ್ಲ ಅಂತ ಎಲ್ಲಿ ಬರೆದಿದ್ದಾರೆ ಮಾವ? ನೋಡಿಲ್ಲ ಅಷ್ಟೆ" ಅಂದಳು.

ಈ ವ್ಯತ್ಯಾಸ ನನಗೆ ಆವತ್ತಿನವರೆಗೂ ಹೊಳೆದಿರಲಿಲ್ಲ. ನಮ್ಮ ದೇಶದಲ್ಲಿ ಕುಡಿಯೋ ನೀರಿಗೆ ಇರೋ ಮಾನದಂಡ ಐಎಸ್ 10500, 2012ರದ್ದು. ಲ್ಯಾಬಿನವರು ಆ ಪಟ್ಟಿಯಿಂದಲೇ ಒಂದಷ್ಟು ಆರಿಸಿ ನೋಡ್ತಾರೆ. ಪ್ಲಾಸ್ಟಿಕ್ಕನ್ನ ಮೆತ್ತಗೆ ಮಾಡೋ ಥ್ಯಾಲೇಟ್‌ಗಳಿಗಾಗಲಿ, ಬಿಸ್ಫೆನಾಲ್-ಎ ಅನ್ನೋದಕ್ಕಾಗಲಿ ಆ ಪಟ್ಟಿಯಲ್ಲಿ ಮಿತಿಯೇ ಇಲ್ಲ. ಹಾಗಾಗಿ "ಕುಡಿಯಲು ಯೋಗ್ಯ" ಅಂತ ಸೀಲು ಬಿದ್ದ ರಿಪೋರ್ಟು ಸುಳ್ಳಲ್ಲ, ಆದರೆ ನಮ್ಮ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಒಳ್ಳೆ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಪೇಂದ್ರ ನಾಂಗ್ಥೊಂಬ ಅವರು ಕೆಆರ್‌ಎಸ್ ಹಿನ್ನೀರಿಗೆ ಹೋಗಿ ಮೀನು ತಿನ್ನುತ್ತಿದ್ದವರು. ಬರಬರುತ್ತ ಅಲ್ಲಿನ ಕೆಲವು ಮೀನುಗಳ ಮೈ ವಿಕಾರವಾಗಿರೋದು ಅವರ ಕಣ್ಣಿಗೆ ಬಿತ್ತು. ಅವರ ತಂಡ ನೀರು ವೇಗವಾಗಿ ಹರಿಯೋ ಕಡೆ, ನಿಧಾನವಾಗಿ ಹರಿಯೋ ಕಡೆ, ನಿಂತ ಕಡೆ ಅಂತ ಮೂರು ಜಾಗದಿಂದ ಮಾದರಿ ತಗೊಂಡಿತು. ಮಾಮೂಲಿ ಪರೀಕ್ಷೆಯಲ್ಲಿ ಕರಗಿದ ಆಮ್ಲಜನಕ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಮಿತಿಯೊಳಗೇ ಇತ್ತು. ಅಲ್ಲಿಗೆ ಬಿಟ್ಟಿದ್ದರೆ ಕಥೆ ಮುಗೀತಿತ್ತು. ಅವರು ಬಿಡಲಿಲ್ಲ. ರಾಮನ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ನೋಡಿದಾಗ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಮತ್ತು ಸೈಕ್ಲೋಹೆಕ್ಸೈಲ್ ಐಸೋಸಯನೇಟ್ ಗುಂಪಿನ ರಾಸಾಯನಿಕ ಸಿಕ್ಕವು. ನಿಧಾನವಾಗಿ ಹರಿಯೋ ನೀರಲ್ಲಿ, ನಿಂತ ನೀರಲ್ಲಿ ಬೆಳೆಸಿದ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಮೂಳೆ ವಿಕಾರ, ಡಿಎನ್‌ಎ ಹಾನಿ, ಹೃದಯದ ತೊಂದರೆ ಕಂಡವು, ಸಾವೂ ಹೆಚ್ಚಿತ್ತು. ಈ ಅಧ್ಯಯನ 2021ರಲ್ಲಿ ಪ್ರಕಟವಾಯ್ತು. ಮೀನಿಗೆ ಆದದ್ದು ಮನುಷ್ಯನಿಗೂ ಆಗುತ್ತೆ ಅಂತ ಅದು ಹೇಳಲ್ಲ, ಹಾಗಂತ ಯಾರೂ ಹೆದರಬೇಕಿಲ್ಲ. ನನಗೆ ಬೇಕಾಗಿದ್ದ ಪಾಠ ಬೇರೆ. ಮಾಮೂಲಿ ಪಟ್ಟಿಯಲ್ಲಿ ಪಾಸಾದ ನೀರಲ್ಲೂ ಬೇರೆ ಏನೋ ಇರಬಹುದು, ಅದನ್ನ ಹೆಸರು ಹಿಡಿದು ಹುಡುಕಿದರೆ ಮಾತ್ರ ಸಿಗುತ್ತೆ.

ಏನನ್ನ ಹುಡುಕಬೇಕು?

ಎರಡನೇ ಸಲ ಬೇರೆ ಲ್ಯಾಬಿಗೆ ಹೋದೆ. ಅಲ್ಲಿ ಒಬ್ಬ ಹುಡುಗಿ, ಕೆಮಿಸ್ಟ್ ಅಂತೆ, ಕೂರಿಸಿ ಮಾತಾಡಿಸಿದಳು. "ಪ್ಲಾಸ್ಟಿಕ್ ಟೆಸ್ಟ್ ಮಾಡಿ ಮೇಡಂ" ಅಂದೆ. ನಕ್ಕಳು. "ಪ್ಲಾಸ್ಟಿಕ್ ಅಂತ ಒಂದು ಟೆಸ್ಟ್ ಇಲ್ಲ ಅಂಕಲ್. ನಿಮ್ಮ ಮನೆಯಲ್ಲಿ ನೀರು ಯಾವ್ಯಾವ ಪ್ಲಾಸ್ಟಿಕ್ ಮುಟ್ಕೊಂಡು ಬರುತ್ತೆ ಹೇಳಿ, ಆಮೇಲೆ ಯಾವುದು ನೋಡಬೇಕು ಅಂತ ನೋಡೋಣ." ಆ ಪ್ರಶ್ನೆಗೆ ಉತ್ತರ ಹೇಳೋಕೆ ಹೋದಾಗಲೇ ನನಗೆ ನಮ್ಮ ಮನೆ ಪೈಪು ಪೂರ್ತಿ ಅರ್ಥ ಆಗಿದ್ದು.

ಬೋರ್‌ವೆಲ್‌ನಿಂದ ಮೇಲೆ ಬರೋ ಗಟ್ಟಿ ಪಿವಿಸಿ ಪೈಪಿಗೆ ಮೆತ್ತಗೆ ಮಾಡೋ ರಾಸಾಯನಿಕ ಹಾಕಿರಲ್ಲ. ಅದರಲ್ಲಿ ನೋಡಬೇಕಾದ್ದು ಸೀಸ. ಪಿವಿಸಿ ಬಿಸಿಗೆ ಕೆಡದೆ ಇರಲಿ ಅಂತ ತಯಾರಿಕೆಯಲ್ಲಿ ಸೀಸದ ಸಂಯುಕ್ತ ಬೆರೆಸೋ ಪದ್ಧತಿ ನಮ್ಮಲ್ಲಿ ಬಹಳ ವರ್ಷ ಇತ್ತು. ಇದಕ್ಕೆ ಕಡಿವಾಣ ಹಾಕೋಕೆ ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ಪ್ರತ್ಯೇಕ ನಿಯಮವನ್ನೇ ಮಾಡಿತು. ಕುಡಿಯೋ ನೀರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಇದು ಐಎಸ್ 10500ರಲ್ಲೇ ಇದೆ, ಲೋಹ ನೋಡೋ ಲ್ಯಾಬ್‌ಗಳಲ್ಲಿ ಈ ಟೆಸ್ಟ್ ಸಿಗುತ್ತೆ. ಪೈಪ್ ಕೊಳ್ಳುವಾಗ ಮೈಮೇಲೆ ಐಎಸ್ 4985 ಅಂತ ಇದೆಯಾ ನೋಡಿ. ಅಂಗಡಿಯವನು ಕಡಿಮೆ ರೇಟಿಗೆ ಅಂತ ಕೊಡೋ ಗುರುತಿಲ್ಲದ ಪೈಪ್ ಹೊಲಕ್ಕೆ ಹಾಕ್ಕೊಳ್ಳಿ, ಮನೆಗೆ ಬೇಡ.

ಕರಿ ಟ್ಯಾಂಕು, ಕರಿ ಪೈಪು ಪಾಲಿಥಿನ್ ಜಾತಿ. ಇದಕ್ಕೂ ಮೆತ್ತಗೆ ಮಾಡೋ ಎಣ್ಣೆ ಬೇಕಾಗಿಲ್ಲ. ಇಪ್ಪತ್ತು ಲೀಟರಿನ ಗಟ್ಟಿ, ಪಾರದರ್ಶಕ ನೀರಿನ ಕ್ಯಾನ್ ಪಾಲಿಕಾರ್ಬೊನೇಟ್ ಆಗಿದ್ದರೆ ಅದನ್ನ ಮಾಡಿರೋದೇ ಬಿಸ್ಫೆನಾಲ್-ಎ ಇಂದ. ತಳದಲ್ಲಿ ತ್ರಿಕೋನದೊಳಗೆ 7 ಅಂತ ಇದ್ದರೆ ಅನುಮಾನ ಪಡಬಹುದು, 1 ಅಂತ ಇದ್ದರೆ ಅದು ಪೆಟ್. ಪೆಟ್ ಬಾಟಲಿಯಲ್ಲಿ ಬಿಸ್ಫೆನಾಲ್ ಇರುತ್ತೆ ಅಂತ ವಾಟ್ಸಾಪಲ್ಲಿ ಓಡಾಡೋದು ತಪ್ಪು. ಅದರಲ್ಲಿ ಗಮನಿಸಬೇಕಾದ್ದು ಆಂಟಿಮನಿ ಅನ್ನೋ ಲೋಹ, ಬಾಟಲಿ ಬಿಸಿಲಲ್ಲಿ ಕಾದಷ್ಟೂ ಜಾಸ್ತಿ ಬಿಡುತ್ತೆ.

ಇನ್ನು ಮೆತ್ತಗಿರೋ ಹೋಸ್ ಪೈಪು. ಇಲ್ಲಿಗೆ ಬಂದಾಗ ನನ್ನ ಬಾಯಿ ಕಟ್ಟಿತು.

ಜನವರಿಯಲ್ಲಿ ಮಹಡಿ ಮೇಲಿಂದ ಅಡುಗೆಮನೆಗೆ ಬರೋ ಹಳೇ ಕಬ್ಬಿಣದ ಪೈಪು ತುಕ್ಕು ಹಿಡಿದು ಒಡೆದಿತ್ತು. ಪ್ಲಂಬರ್ ಬರೋವರೆಗೆ ಎರಡು ದಿನಕ್ಕೆ ಅಂತ ನಮ್ಮ ಮಗ ತೋಟದ ಹಸಿರು ಹೋಸ್ ಪೈಪನ್ನೇ ಟ್ಯಾಂಕಿಂದ ಎಳೆದು ಅಡುಗೆಮನೆ ನಲ್ಲಿಗೆ ಸಿಕ್ಕಿಸಿದ್ದ. ಎರಡು ದಿನಕ್ಕೆ ಅಂತ ಹಾಕಿದ್ದು ನಾಲ್ಕು ತಿಂಗಳಾಗಿತ್ತು. ನಲವತ್ತು ಅಡಿ ಪೈಪು, ಬರೀ ತಾರಸಿ ಮೇಲೆ, ಏಪ್ರಿಲ್ ಬಿಸಿಲಿಗೆ. ದಿನಾ ಅದನ್ನ ದಾಟಿಕೊಂಡೇ ಓಡಾಡ್ತಿದ್ದೆ. ಕಣ್ಣು ಮಾತ್ರ ಅರ್ಧ ಮೈಲಿ ಆಚೆ ಇರೋ ಕೆರೆ ಮೇಲೆ!

ಪಿವಿಸಿ ತನ್ನಷ್ಟಕ್ಕೆ ಗಟ್ಟಿ ವಸ್ತು. ಅದು ಹಾವಿನಂಗೆ ಬಳುಕಬೇಕಾದರೆ ಥ್ಯಾಲೇಟಿನಂಥ ಎಣ್ಣೆಯಂಥ ದ್ರವ ಬೆರೆಸಬೇಕು. ಕೆಲವು ಪೈಪುಗಳಲ್ಲಿ ತೂಕದ ಮೂರನೇ ಒಂದು ಭಾಗದಷ್ಟು ಅದೇ ಇರುತ್ತೆ. ಹೋಳಿಗೆ ಕಣಕಕ್ಕೆ ಎಣ್ಣೆ ಹಾಕಿ ನಾದಿಟ್ಟಂಗೆ ಅಂದ್ಕೊಳ್ಳಿ. ಎಣ್ಣೆ ಹಿಟ್ಟಿನ ಜೊತೆ ಬೆರೆತಿರುತ್ತೆ, ಅಂಟಿಕೊಂಡಿರಲ್ಲ, ಹೊತ್ತಾದಂತೆ ಜಿನುಗುತ್ತೆ. ಪೈಪೂ ಹಾಗೇ. ಹಳೇ ಹೋಸ್ ಪೈಪು ಬಿರುಸಾಗಿ ಬಿರುಕು ಬಿಡೋದು ಅದರೊಳಗಿನ ಎಣ್ಣೆ ಖಾಲಿ ಆಗ್ತಾ ಬರೋದರಿಂದಲೂ ಹೌದು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಡಿಇಎಚ್‌ಪಿ. ಅದು ನೀರಲ್ಲಿ ಕರಗೋದು ತೀರಾ ಕಮ್ಮಿ, ಆದರೆ ಬಿಸಿ ಹೆಚ್ಚಿದಷ್ಟೂ, ನೀರು ಒಳಗೆ ನಿಂತಷ್ಟೂ ಬಿಡೋದು ಜಾಸ್ತಿ. ಇನ್ನೊಂದು ಮಾತು, ಥ್ಯಾಲೇಟಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ನಮ್ಮ ಲೋಟದ ವಾಸನೆ ಪೈಪಿನಲ್ಲಿದ್ದ ಬೇರೆ ಪದಾರ್ಥದ್ದು ಇರಬಹುದು. ಹಾಗಾಗಿ ವಾಸನೆ ಇಲ್ಲ ಅಂದ ಮಾತ್ರಕ್ಕೆ ಸದ್ಯ ಪಾರಾದೆವು ಅಂದ್ಕೊಳ್ಳಂಗಿಲ್ಲ. ಟ್ಯಾಂಕರಿನವರು ಸಂಪಿಗೆ ಇಳಿಬಿಡೋದೂ ಇಂಥದೇ ಮೆತ್ತನೆ ಪೈಪು. ಅದರಲ್ಲಿ ನೀರು ನಿಲ್ಲಲ್ಲ, ಭರ್ರಂತ ಹೋಗುತ್ತೆ, ಅಷ್ಟರ ಮಟ್ಟಿಗೆ ವಾಸಿ.

ನೀರು ಹಿಡಿಯೋದೇ ಅರ್ಧ ಪರೀಕ್ಷೆ

ಮಣ್ಣಿನ ಮಾದರಿ ತೆಗೆಯೋದು ನಮಗೆಲ್ಲ ಗೊತ್ತು. ಗೊಬ್ಬರದ ಗುಡ್ಡೆ ಪಕ್ಕ ತೆಗೀಬಾರದು, ಬದುವಿನ ಹತ್ತಿರ ತೆಗೀಬಾರದು, ಯೂರಿಯಾ ಚೀಲದಲ್ಲಿ ತುಂಬಬಾರದು. ನೀರಿನದ್ದು ಅದಕ್ಕಿಂತ ನಾಜೂಕು. ಯಾಕಂದರೆ ನಾವು ಹುಡುಕ್ತಿರೋ ಪ್ರಮಾಣ ಅಷ್ಟು ಚಿಕ್ಕದು. ಡಿಇಎಚ್‌ಪಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಟ್ಟ ಲೀಟರಿಗೆ 8 ಮೈಕ್ರೋಗ್ರಾಂ, ಅಮೆರಿಕದ ಕಾನೂನಲ್ಲಿ 6. ಹತ್ತು ಲಕ್ಷ ಲೀಟರ್ ಹಿಡಿಸೋ ಕೃಷಿ ಹೊಂಡ ಕಣ್ಣ ಮುಂದೆ ತಂದ್ಕೊಳ್ಳಿ. ಅದಕ್ಕೆ ಎಂಟು ಗ್ರಾಂ, ಅಂದರೆ ಎರಡು ಟೀ ಚಮಚದಷ್ಟು ಹಾಕಿ ಕಲಸಿದರೆ ಆಗೋ ಪ್ರಮಾಣ ಅದು. ಬಿಸ್ಫೆನಾಲ್-ಎಗೆ ಯುರೋಪಿನ ಕುಡಿಯೋ ನೀರಿನ ನಿಯಮದಲ್ಲಿ ಇರೋದು 2.5 ಮೈಕ್ರೋಗ್ರಾಂ. ಅಂಟದ ಬಾಣಲೆ ಕಾಲದಿಂದ ಬಂದ ಪಿಎಫ್‌ಒಎ, ಪಿಎಫ್‌ಒಎಸ್ ಅನ್ನೋವಕ್ಕೆ ಅಮೆರಿಕ 2024ರಲ್ಲಿ ಇಟ್ಟ ಮಿತಿ ಇನ್ನೂ ಸಣ್ಣದು, ಅದೇ ಹೊಂಡಕ್ಕೆ ತಲಾ ನಾಲ್ಕೇ ಮಿಲಿಗ್ರಾಂ. ಇಷ್ಟು ಸಣ್ಣದನ್ನ ಹುಡುಕುವಾಗ ನಮ್ಮ ಕೈಗೆ ಹಚ್ಚಿದ ಕ್ರೀಮು, ಬಾಟಲಿ ಮುಚ್ಚಳದ ಒಳಗಿನ ಪದರ, ಹಾಕ್ಕೊಂಡ ಗ್ಲೌಸು ಸಾಕು, ಲೆಕ್ಕ ತಲೆಕೆಳಗಾಗೋಕೆ.

ನಾನು ಮೊದಲು ಒಯ್ದಿದ್ದ ಹಳೇ ಪ್ಲಾಸ್ಟಿಕ್ ಬಾಟಲಿಯಲ್ಲಿ ಥ್ಯಾಲೇಟ್ ಪರೀಕ್ಷೆ ಮಾಡಿದ್ದರೆ ಎರಡು ಥರ ಮೋಸ ಆಗ್ತಿತ್ತು. ಬಾಟಲಿ, ಮುಚ್ಚಳದಿಂದ ಒಂದಿಷ್ಟು ನೀರಿಗೆ ಸೇರಬಹುದು. ಇಲ್ಲವೇ ನೀರಲ್ಲಿದ್ದದ್ದು ಹೋಗಿ ಬಾಟಲಿ ಗೋಡೆಗೆ ಅಂಟಿಕೊಂಡು, ಇರೋದಕ್ಕಿಂತ ಕಮ್ಮಿ ತೋರಿಸಬಹುದು.

ಆ ಹುಡುಗಿ ಕಂದು ಬಣ್ಣದ ಗಾಜಿನ ಬಾಟಲಿ ಕೊಟ್ಟಳು. ದ್ರಾವಕದಲ್ಲಿ ತೊಳೆದು ಒಣಗಿಸಿದ್ದು, ಮುಚ್ಚಳದ ಒಳಗೆ ಟೆಫ್ಲಾನ್ ಪದರ. "ಮನೆಗೆ ಹೋಗಿ ಮತ್ತೆ ತೊಳೀಬೇಡಿ ಅಂಕಲ್" ಅಂತ ಎರಡು ಸಲ ಹೇಳಿದಳು. ನಮ್ಮ ಮನೆಯವಳಿಗೆ ತಡೆಯೋಕೆ ನಾನೇ ಪಕ್ಕದಲ್ಲಿ ನಿಲ್ಲಬೇಕಾಯ್ತು, ಬಾಟಲಿ ಕಂಡರೆ ಸೋಪು ಹಿಡ್ಕೊಂಡು ಬರ್ತಾಳೆ. ಬರೀ ಕೈಯನ್ನ ನೀರಲ್ಲಿ ಚೆನ್ನಾಗಿ ತೊಳೆದುಕೊಂಡು, ಬಾಟಲಿ ಬಾಯಿ ಮುಟ್ಟದೆ, ಗಾಳಿಗೆ ಜಾಗ ಬಿಡದೆ ತುಂಬಿದೆವು. ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ಲ್ಯಾಬಿಗೆ ಮುಟ್ಟಿಸಿದೆವು. ನಿಮ್ಮ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕ್ತಿದ್ದರೆ ಮೊದಲೇ ಹೇಳಿ. ಉಳಿದ ಕ್ಲೋರಿನ್ ಬಾಟಲಿಯೊಳಗೇ ಕೆಲಸ ಮುಂದುವರಿಸುತ್ತೆ, ಬಿಸ್ಫೆನಾಲ್‌ನಂಥದ್ದನ್ನ ಬದಲಾಯಿಸಿಬಿಡುತ್ತೆ. ಅದನ್ನ ತಡೆಯೋಕೆ ಲ್ಯಾಬಿನವರೇ ಬಾಟಲಿಗೆ ಚಿಟಿಕೆ ಔಷಧಿ ಹಾಕಿ ಕೊಡ್ತಾರೆ.

ಎಲ್ಲಿಂದ, ಯಾವಾಗ ಹಿಡೀಬೇಕು ಅನ್ನೋದು ಇನ್ನೂ ಮುಖ್ಯ. ರಾತ್ರಿಯೆಲ್ಲ ಪೈಪಲ್ಲಿ ನಿಂತ ನೀರನ್ನ ಬೆಳಗ್ಗೆ ನಲ್ಲಿ ತಿರುಗಿಸಿದ ತಕ್ಷಣ ಹಿಡಿದರೆ ಗೊತ್ತಾಗೋದು ಪೈಪಿನ ಗುಟ್ಟು. ಐದು ನಿಮಿಷ ಬಿಟ್ಟು ಹಿಡಿದರೆ ಟ್ಯಾಂಕಿನದು. ಬೋರ್‌ವೆಲ್ ಬಾಯಲ್ಲಿ ಮೋಟರ್ ಒಂದಷ್ಟು ಹೊತ್ತು ಓಡಿಸಿ ಹಿಡಿದರೆ ಭೂಮಿಯದು. ಒಂದೇ ಬಾಟಲಿ ಕೊಟ್ಟು "ಎಲ್ಲಿಂದ ಬಂತು" ಅಂತ ಕೇಳಿದರೆ ಯಾವ ಲ್ಯಾಬೂ ಹೇಳಲಾರದು. ನಾವು ಮೂರೂ ಕಡೆ ಹಿಡಿದೆವು. ನಾಲ್ಕನೇ ಬಾಟಲಿ ಲ್ಯಾಬಿನವರದ್ದೇ ಶುದ್ಧ ನೀರು. ಅದನ್ನ ನಮ್ಮ ಅಡುಗೆಮನೆಯಲ್ಲೇ ಇನ್ನೊಂದು ಗಾಜಿನ ಬಾಟಲಿಗೆ ಸುರಿದು ಮುಚ್ಚಿ ವಾಪಸ್ ಒಯ್ದೆವು. "ಇದ್ಯಾಕೆ ದಂಡ" ಅಂತ ನಾನು ಗೊಣಗಿದೆ. ಆ ನೀರಲ್ಲೂ ಥ್ಯಾಲೇಟ್ ಬಂದರೆ ತಪ್ಪು ನಮ್ಮ ಕೈಯದು, ನಲ್ಲಿಯದಲ್ಲ ಅಂತ ಆಗುತ್ತೆ. ಗೊಬ್ಬರ ಹಾಕದ ಪಟ್ಟಿ ಒಂದನ್ನ ಬಿಟ್ಟು ಹೋಲಿಸಿ ನೋಡ್ತೀವಲ್ಲ, ಹಂಗೇ ಇದೂ.

ಖರ್ಚಿನ ವಿಷಯ ಮುಚ್ಚಿಡಲ್ಲ. ಇದಕ್ಕೆ ಬೇಕಾದ್ದು ಜಿಸಿ-ಎಂಎಸ್, ಎಲ್‌ಸಿ-ಎಂಎಸ್ ಅನ್ನೋ ದೊಡ್ಡ ಯಂತ್ರ. ಬಾಟಲಿ ಒಂದಕ್ಕೆ ಸಾವಿರಗಳ ಲೆಕ್ಕ. ಒಂದು ತಿಂಗಳ ಹಾಲಿನ ದುಡ್ಡು ಅಲ್ಲೇ ಹೋಯ್ತು. ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ ಕಿಟ್ ಇರುತ್ತೆ. ಅದರಲ್ಲಿ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಉಳಿದ ಕ್ಲೋರಿನ್ ಇಂಥವು ನೋಡಬಹುದು, ಪ್ಲಾಸ್ಟಿಕ್ ರಾಸಾಯನಿಕ ನೋಡೋಕಾಗಲ್ಲ. ಮನೆ ಬಾಗಿಲಿಗೆ ಬಂದು ಟಿಡಿಎಸ್ ಮೀಟರ್ ಅದ್ದಿ, ಇಲ್ಲವೇ ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟು ನೀರು ಕಂದು ಮಾಡಿ ತೋರಿಸೋ ಫಿಲ್ಟರ್ ಮಾರೋರನ್ನಂತೂ ನಂಬಬೇಡಿ. ಟಿಡಿಎಸ್ ಮೀಟರ್ ಅಳೆಯೋದು ಉಪ್ಪಿನಂಶ, ಥ್ಯಾಲೇಟ್ ಅದರ ಕಣ್ಣಿಗೇ ಬೀಳಲ್ಲ. ಕಂದು ಬಣ್ಣ ಬರೋದು ಕಬ್ಬಿಣದ ಕಡ್ಡಿಯೇ ಕರಗಿ. ಹಂಗೆ ನೋಡಿದರೆ ಕಾವೇರಿ ನೀರನ್ನೂ ಕಂದು ಮಾಡಬಹುದು.

ಲ್ಯಾಬ್ ಆರಿಸುವಾಗ ಎನ್‌ಎಬಿಎಲ್ ಮಾನ್ಯತೆ ಇದೆಯಾ ಅಂತ ಕೇಳಿ ಸುಮ್ಮನಾಗಬೇಡಿ. ನಮಗೆ ಬೇಕಾದ ರಾಸಾಯನಿಕದ ಹೆಸರು ಅವರ ಮಾನ್ಯತೆಯ ಪಟ್ಟಿಯಲ್ಲಿದೆಯಾ ಕೇಳಿ. ಆಮೇಲೆ ಎಷ್ಟು ಕಮ್ಮಿ ಇದ್ದರೂ ಹಿಡೀತೀರಿ ಅಂತ ಕೇಳಿ. ರಿಪೋರ್ಟಲ್ಲಿ "ಬಿಡಿಎಲ್" ಅಂತ ಬರೀತಾರೆ, ಅಂದರೆ ಪತ್ತೆ ಮಟ್ಟಕ್ಕಿಂತ ಕಮ್ಮಿ. ಅವರ ಯಂತ್ರದ ಪತ್ತೆ ಮಟ್ಟವೇ 10 ಮೈಕ್ರೋಗ್ರಾಂ ಆಗಿದ್ದರೆ, 8ರ ಮಿತಿಗೆ ಆ ಬಿಡಿಎಲ್ ಯಾವ ಉಪಯೋಗಕ್ಕೆ? ಕ್ವಿಂಟಾಲ್ ತಕ್ಕಡಿಯಲ್ಲಿ ಚಿನ್ನ ತೂಗಿದಂಗೆ. ಬಿಡಿಎಲ್ ಪಕ್ಕದಲ್ಲಿ ಅಂಕಿ ಬರೆಸಿಕೊಳ್ಳದೆ ರಿಪೋರ್ಟ್ ಈಸ್ಕೋಬೇಡಿ.

ರಿಸಲ್ಟ್ ಬಂತು

ಬೋರ್‌ವೆಲ್ ಬಾಯಿ ನೀರಲ್ಲಿ ಥ್ಯಾಲೇಟ್, ಬಿಸ್ಫೆನಾಲ್ ಎರಡೂ ಬಿಡಿಎಲ್, ಪತ್ತೆ ಮಟ್ಟ 1 ಮೈಕ್ರೋಗ್ರಾಂ. ಐದು ನಿಮಿಷ ಬಿಟ್ಟ ನಲ್ಲಿ ನೀರೂ ಬಿಡಿಎಲ್. ಅವರ ಶುದ್ಧ ನೀರೂ ಬಿಡಿಎಲ್, ಅಂದರೆ ಕೈ ಸರಿಯಾಗಿತ್ತು. ರಾತ್ರಿಯೆಲ್ಲ ಹೋಸ್ ಪೈಪಲ್ಲಿ ನಿಂತು ಬೆಳಗ್ಗೆ ಮೊದಲು ಬಿದ್ದ ನೀರಲ್ಲಿ ಮಾತ್ರ ಡಿಇಎಚ್‌ಪಿ ಸಿಕ್ಕಿತು, 8ರ ಗಡಿ ದಾಟಿತ್ತು. ಸೊಸೆ ದಿನಾ ಬೆಳಗ್ಗೆ ಎದ್ದು ಮೊದಲು ಕುಡೀತಿದ್ದದ್ದು ಅದೇ ನೀರು.

ಒಂದು ಸಲ 8 ದಾಟಿದ್ದಕ್ಕೆ ಏನೋ ಆಗಿಬಿಡುತ್ತೆ ಅಂತಲ್ಲ. ಜೀವಮಾನವಿಡೀ ದಿನಾ ಕುಡಿದರೂ ತೊಂದರೆ ಆಗಬಾರದು ಅನ್ನೋ ಲೆಕ್ಕದಲ್ಲಿ ಇಟ್ಟಿರೋ ಮಟ್ಟ ಅದು. ಡಾಕ್ಟರೂ ಗಾಬರಿ ಬೇಡ, ಪೈಪ್ ತೆಗೀರಿ ಅಂದರು. ಆದರೆ ಡಿಇಎಚ್‌ಪಿ ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಹುಟ್ಟೋ ಗಂಡು ಮರಿಗಳ ಬೆಳವಣಿಗೆಗೆ ತೊಂದರೆ ಕೊಟ್ಟಿರೋ ರಾಸಾಯನಿಕ. ಹೊಟ್ಟೆಯಲ್ಲಿ ಮಗು ಇರೋವಾಗ ಅದನ್ನ ಬೇಕಂತಲೇ ಯಾರು ಕುಡಿಸ್ತಾರೆ? ಅವತ್ತೇ ಸಂಜೆ ಪ್ಲಂಬರ್ ಬಂದ. ನಾಲ್ಕು ತಿಂಗಳಿಂದ ಸಿಗದವನು ಅವತ್ತು ಅರ್ಧ ಗಂಟೆಯಲ್ಲಿ ಸಿಕ್ಕ.

ಇಷ್ಟಾದ ಮೇಲೆ ಆ ಹುಡುಗಿ ನನ್ನ ಮೊದಲ ಲ್ಯಾಬಿನ ರಿಪೋರ್ಟ್ ಕೇಳಿ ತಗೊಂಡಳು. ಬೆರಳಿಟ್ಟು ಒಂದು ಸಾಲು ತೋರಿಸಿದಳು. "ಇದನ್ನ ನೋಡಿಲ್ವಾ ಅಂಕಲ್?" ನೈಟ್ರೇಟ್. ಮಿತಿ 45 ಮಿಲಿಗ್ರಾಂ, ನಮ್ಮದು 70ರ ಹತ್ತಿರ. ಪಕ್ಕದಲ್ಲಿ ಸಣ್ಣದೊಂದು ನಕ್ಷತ್ರದ ಗುರುತು ಬೇರೆ. ಪ್ಲಾಸ್ಟಿಕ್ ಅನ್ನೋ ಪದ ಹುಡುಕೋ ಗಡಿಬಿಡಿಯಲ್ಲಿ ನಾನು ಆ ಸಾಲನ್ನ ಹಾರಿಸಿಬಿಟ್ಟಿದ್ದೆ.

ನೈಟ್ರೇಟ್ ಹೆಚ್ಚಿರೋ ನೀರಲ್ಲಿ ಹಾಲಿನ ಪುಡಿ ಕಲಸಿ ಎಳೆ ಕೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಹೊರೋ ಶಕ್ತಿ ಕಳ್ಕೊಂಡು ಮಗು ನೀಲಿಗಟ್ಟುತ್ತೆ. ಜೀವಕ್ಕೇ ಅಪಾಯ. ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಇದು ಎಲ್ಲಿಂದ ಬಂತು ಅಂತ ಹುಡುಕೋಕೆ ಕೆರೆವರೆಗೆ ಹೋಗಬೇಕಿರಲಿಲ್ಲ. ಬೋರ್‌ವೆಲ್‌ನಿಂದ ಮೂವತ್ತು ಅಡಿ ಮೇಲಕ್ಕೆ ನಮ್ಮದೇ ತಿಪ್ಪೆ. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಬಿರುಕು ಬಿಟ್ಟು ಮಳೆ ನೀರು ಅದರ ಮೈಗುಂಟ ಇಳಿಯೋದು ಕಣ್ಣಿಗೇ ಕಾಣ್ತಿತ್ತು. ಸಾವಿರದ ನೂರು ಅಡಿ ಆಳದ ನೀರಿಗೆ ಮೇಲಿನ ಕೊಳೆ ಹೆಂಗೆ ಹೋಗುತ್ತೆ ಅಂತ ಕೇಳೋರಿಗೆ ಇದೇ ಉತ್ತರ. ಜೊತೆಗೆ ವರ್ಷಕ್ಕೆ ಏಳೆಂಟು ಸಲ ಸೊಪ್ಪಿಗೆ ಯೂರಿಯಾ ಚೆಲ್ಲಿದವನೂ ನಾನೇ.

ಈ ಸೈಟಿನ ಓದುಗರಿಗೆ ಒಂದು ಲೆಕ್ಕ ಹೇಳ್ತೀನಿ, ಕೆಲಸಕ್ಕೆ ಬರುತ್ತೆ. ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಿದರೆ ಸುಮಾರು ಒಂದು ಲಕ್ಷ ಲೀಟರ್. ಲೀಟರಿಗೆ 70 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಅಷ್ಟು ನೀರಲ್ಲಿ ಏಳು ಕಿಲೋ ನೈಟ್ರೇಟ್, ಅಂದರೆ ಒಂದೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ ಸಾರಜನಕ. ಮೂರೂವರೆ ಕಿಲೋ ಯೂರಿಯಾ ಹಾಕಿದಷ್ಟಾಯ್ತು. ಪ್ರತಿ ನೀರಿಗೂ ಇಷ್ಟು ಪುಕ್ಕಟೆ ಹೋಗ್ತಿದೆ, ನಾನು ಮೇಲಿಂದ ಮತ್ತೆ ಚೀಲ ಬಿಚ್ಚುತ್ತಿದ್ದೆ. ಈ ಸಲ ಮೇಲುಗೊಬ್ಬರ ಇಳಿಸಿದ್ದೀನಿ, ದಂಟು ಏನೂ ಸೊರಗಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಭಾಗದ ಬೋರ್‌ವೆಲ್ ನೀರು ಕುಡಿಯೋರು ಮೊದಲು ಮಾಡಿಸಬೇಕಾದ್ದು ನೈಟ್ರೇಟ್, ಫ್ಲೋರೈಡ್, ಕೋಲಿಫಾರಂ ಪರೀಕ್ಷೆ. ಆಮೇಲೆ ಯುರೇನಿಯಂ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಲ್ಲಿನ ಗುಣವೇ ಹಂಗೆ, ಹಲವು ಹಳ್ಳಿಗಳ ಬೋರ್‌ವೆಲ್‌ನಲ್ಲಿ ಅದು ಲೀಟರಿಗೆ 30 ಮೈಕ್ರೋಗ್ರಾಂನ ಮಿತಿ ದಾಟಿದೆ. ಪಿವಿಸಿ ಪೈಪ್ ಹಳೇದಿದ್ದರೆ, ಗುರುತಿಲ್ಲದ್ದಿದ್ದರೆ ಸೀಸ ಸೇರಿಸಿ. ಥ್ಯಾಲೇಟ್, ಬಿಸ್ಫೆನಾಲ್‌ಗೆ ದುಡ್ಡು ಸುರಿಯೋ ಮುಂಚೆ ಬೋರ್‌ವೆಲ್ ಬಾಯಿಂದ ಲೋಟದವರೆಗೆ ನೀರಿನ ಜೊತೆ ಒಂದು ಸಲ ನಡೆದುಕೊಂಡು ಬನ್ನಿ. ಮೆತ್ತನೆ ಪೈಪು ಕಂಡರೆ ಕಿತ್ತು ಹಾಕಿ. ಬಿಸಿಲಲ್ಲಿಟ್ಟ ಕ್ಯಾನ್ ನೆರಳಿಗೆ ತನ್ನಿ. ಔಷಧಿ ಡಬ್ಬ ಎಷ್ಟೇ ತೊಳೆದರೂ ನೀರಿಗೆ ಬೇಡ, ಹಸುವಿಗೂ ಬೇಡ. ಬೆಳಗ್ಗೆ ಮೊದಲ ನೀರನ್ನ ಒಂದೆರಡು ನಿಮಿಷ ಬಕೆಟ್ಟಿಗೆ ಬಿಟ್ಟು ಗಿಡಕ್ಕೆ ಹಾಕಿ, ಆಮೇಲಿನದನ್ನ ಕುಡಿಯೋಕೆ ಹಿಡೀರಿ. ಇಷ್ಟಕ್ಕೆ ಕಾಸು ಖರ್ಚಿಲ್ಲ. ಆರ್‌ಒ ಹಾಕಿಸಿದರೆ ಇವುಗಳಲ್ಲಿ ಬಹುಪಾಲು ಕಮ್ಮಿ ಆಗುತ್ತೆ, ನಿಜ. ಆದರೆ ಆರ್‌ಒ ನೀರು ಹಿಡಿದು ಮತ್ತೆ ಹಳೇ ಪ್ಲಾಸ್ಟಿಕ್ ಕ್ಯಾನಲ್ಲಿ ವಾರಗಟ್ಟಲೆ ಇಡೋರನ್ನ ನೋಡಿದ್ದೀನಿ.

ಹೊಲದ ಪ್ಲಾಸ್ಟಿಕ್ಕನ್ನೂ ಮರೀಬೇಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2021ರಲ್ಲಿ ಕೊಟ್ಟ ವರದಿ ಪ್ರಕಾರ ಬೆಳೆ ಮತ್ತು ಪಶುಸಂಗೋಪನೆಗೆ ಜಗತ್ತು ವರ್ಷಕ್ಕೆ 1.25 ಕೋಟಿ ಟನ್ ಪ್ಲಾಸ್ಟಿಕ್ ಬಳಸುತ್ತೆ. ನಮ್ಮ ಕಡೆ ಮಲ್ಚಿಂಗ್ ಶೀಟು ಹರಿದರೆ ಉಳುಮೆಯಲ್ಲಿ ಮಣ್ಣಿಗೆ ಸೇರಿಸಿಬಿಡ್ತೀವಿ, ಮಿಕ್ಕಿದ್ದು ಬದುವಲ್ಲಿ ಸುಡ್ತೀವಿ. ಹಾಗೇ ಕೊಳಚೆ ಶುದ್ಧೀಕರಣ ಘಟಕದ ಕೆಸರನ್ನ ಅಗ್ಗದ ಗೊಬ್ಬರ ಅಂತ ತಂದು ಹಾಕೋರಿದ್ದಾರೆ. ಡಿಇಎಚ್‌ಪಿ ನೀರಿಗಿಂತ ಕೆಸರಿಗೆ ಜಾಸ್ತಿ ಅಂಟೋ ಜಾತಿ. ಕೊಳಚೆಯಲ್ಲಿದ್ದದ್ದರ ದೊಡ್ಡ ಪಾಲು ಕೆಸರಲ್ಲೇ ಕೂರುತ್ತೆ. ಸೊಪ್ಪು ಬೆಳೆಯೋ ಮಡಿಗೆ ನಾನಂತೂ ಅದನ್ನ ಹಾಕಲ್ಲ.

ಕೆರೆ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಯ್ತಾ ಅಂದರೆ, ಇಲ್ಲ. ಒಂದು ದಿನದ ಒಂದು ಬಾಟಲಿ ಆ ದಿನದ ಮಾತಷ್ಟೇ ಹೇಳುತ್ತೆ. ಒಬ್ಬನ ಜೇಬಿಗೆ ಇದು ಪದೇ ಪದೇ ಆಗೋ ಖರ್ಚಲ್ಲ. ಅದಕ್ಕೇ ಕೆರೆ ಅಂಚಿನ ನಾಲ್ಕು ಮನೆಯವರು ಸೇರಿಕೊಂಡಿದ್ದೀವಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಕೆರೆ ಕೋಡಿ ಬಿದ್ದ ಮೇಲೆ ಒಂದು ಸಲ, ಕೆರೆಗೆ ಹತ್ತಿರ ಇರೋ ಬೋರ್‌ವೆಲ್ ಒಂದರಿಂದ ನೀರು ಹಿಡಿಯೋದು, ಖರ್ಚು ನಾಲ್ಕು ಪಾಲು. ಮೊದಲ ಸಲದ್ದು ಕೊಟ್ಟಾಗಿದೆ.

ಸೊಸೆಗೆ ಹೆಣ್ಣು ಮಗು ಆಯ್ತು, ಚೆನ್ನಾಗಿದೆ. ಎದೆಹಾಲು ಕುಡೀತಿದೆ. ಆರು ತಿಂಗಳು ತುಂಬಿ ರಾಗಿ ಸರಿ ತಿನ್ನಿಸೋ ಹೊತ್ತಿಗೆ ನೀರು ಬೇಕಾಗುತ್ತೆ. ಅಷ್ಟರೊಳಗೆ ನೈಟ್ರೇಟ್ ಇಳೀಬೇಕು. ತಿಪ್ಪೆಯನ್ನ ಹೊಲದ ಕೆಳಗಿನ ಮೂಲೆಗೆ ಸಾಗಿಸಿದ್ದೀನಿ, ಬೋರ್‌ವೆಲ್ ಸುತ್ತ ಹೊಸ ಕಟ್ಟೆ ಹಾಕಿಸಿದ್ದೀನಿ. ತಿಂಗಳಿಗೊಮ್ಮೆ ಪಂಚಾಯಿತಿ ಕಿಟ್‌ನಲ್ಲಿ ನೋಡಿಸ್ತಿದ್ದೀನಿ. ಹೋದ ಸಲ 50ರ ಆಸುಪಾಸಿನ ಬಣ್ಣ ಬಂತು. ಹಸಿರು ಹೋಸ್ ಪೈಪು ಈಗ ಕೊಟ್ಟಿಗೆ ತೊಳೆಯೋಕೆ ಮಾತ್ರ.